ಎತ್ತಿ ನಿಲ್ಲಿಸಿದ ತಾಮ್ರದ ಸರ್ಪವೂ ಕೈಯೊಳಗಿನ ಫೋನೂ

ಓದತಕ್ಕ ಭಾಗಗಳು: ಅರಣ್ಯಕಾಂಡ 21ನೆಯ ಅಧ್ಯಾಯ, 2 ಅರಸುಗಳು 18ನೆಯ ಅಧ್ಯಾಯದ ಆರಂಭ.



ಇಸ್ರಾಯೇಲ್ಯರು ಅರಣ್ಯದಲ್ಲಿ ಸಂಚರಿಸುತ್ತಿದ್ದಾಗ ಬೇಸರಗೊಂಡು ಗುಣುಗುಟ್ಟಿದ್ದೂ, ಅವರ ಪಾಳೆಯದೊಳಗೆ ವಿಷಸರ್ಪಗಳು ಬಂದದ್ದೂ, ಅನೇಕರು ಕಚ್ಚಿಸಿಕೊಂಡು ಸತ್ತದ್ದೂ ನಿಮಗೆ ತಿಳಿದ ಸಂಗತಿಯೇ. ಆಗ ಮೋಶೆಯು ದೇವರ ಅಪ್ಪಣೆಯ ಮೇರೆಗೆ ತಾಮ್ರದ ಸರ್ಪವೊಂದನ್ನು ಮಾಡಿಸಿ ಕಂಬದ ಮೇಲೆ ಎತ್ತಿ ನಿಲ್ಲಿಸಿದನು. ಕಚ್ಚಿಸಿಕೊಂಡವನು ಅದರ ಕಡೆಗೆ ಕಣ್ಣೆತ್ತಿ ನೋಡಿದರೆ ಬದುಕಿಕೊಂಡನು. ಇಷ್ಟನ್ನು ನಮ್ಮ ಭಾನುವಾರದ ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಆ ಸರ್ಪವು ಆಮೇಲೆ ಏನಾಯಿತೆಂದು ಕೇಳಿದರೆ ದೊಡ್ಡವರಲ್ಲಿಯೂ ಹಲವರು ಸುಮ್ಮನಾಗುವರು. ಅದನ್ನು ಯಾರೂ ಬಿಸಾಡಲಿಲ್ಲ. ಜನರು ಅದನ್ನು ಕಾಪಾಡಿ ಇಟ್ಟುಕೊಂಡರು. ಅನೇಕ ತಲೆಮಾರುಗಳು ಕಳೆದವು. ಹಿಜ್ಕೀಯನು ಅರಸನಾದಾಗ ನೋಡಿದರೆ, ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಅದೇ ಸರ್ಪದ ಮುಂದೆ ಧೂಪ ಹಾಕುತ್ತಾ ಇದ್ದರು. ಅರಸನು ಅದನ್ನು ಬರೀ ತಾಮ್ರದ ತುಂಡೆಂದು ಹೇಳಿ ಒಡೆದು ಹಾಕಿದನು.

ಇಲ್ಲಿ ಒಂದು ಮಾತನ್ನು ಗಮನಿಸಿರಿ. ಆ ಸರ್ಪವನ್ನು ದುಷ್ಟನೊಬ್ಬನು ಮಾಡಲಿಲ್ಲ. ಅದು ದೇವರ ಅಪ್ಪಣೆಯಿಂದಲೇ ಬಂದದ್ದು, ಸಾಯುವವರನ್ನು ಬದುಕಿಸಿದ್ದು. ಇಷ್ಟು ಕಾಲವಾದರೂ ಆ ತಾಮ್ರವು ಬದಲಾಗಲಿಲ್ಲ. ನೋಡುವ ಕಣ್ಣು ಬದಲಾಯಿತು. ಮೊದಲು ಜೀವಕ್ಕಾಗಿ ನೋಡಿ ತಮ್ಮ ಕೆಲಸಕ್ಕೆ ಹೋದರು. ಆಮೇಲೆ ನೋಡುತ್ತಾ ಅಲ್ಲಿಯೇ ನಿಂತುಬಿಟ್ಟರು. ಉಪಕಾರಕ್ಕಾಗಿ ಕೊಟ್ಟ ವಸ್ತುವು ಒಡೆಯನಾಗುವದು ಹೀಗೆಯೇ. ಈ ತಿಂಗಳು ನಾವು ನಿಮ್ಮ ಮುಂದೆ ಇಡುವ ವಿಷಯವು ನಮ್ಮೆಲ್ಲರ ಕೈಯೊಳಗಿನ ಸ್ಮಾರ್ಟ್‌ಫೋನ್.

ನಮ್ಮ ದಾಬಸ್‌ಪೇಟೆಯು ಹೆದ್ದಾರಿಯ ಮಗ್ಗುಲಲ್ಲಿ ಬೆಳೆದ ಊರು. ಒಂದು ಕಡೆ ಶಿವಗಂಗೆಯ ಬೆಟ್ಟ, ಇನ್ನೊಂದು ಕಡೆ ಸೋಂಪುರದ ಕಾರ್ಖಾನೆಗಳು, ನಡುವೆ ಹಗಲು ರಾತ್ರಿ ಎಡೆಬಿಡದೆ ಓಡುವ ಬೆಂಗಳೂರು ತುಮಕೂರಿನ ವಾಹನಗಳು. ಸುತ್ತಲಿನ ಹಳ್ಳಿಗಳಲ್ಲಿರುವ ನಮ್ಮ ಸಭೆಯವರಲ್ಲಿ ಕೆಲವರು ರಾಗಿಯ ಹೊಲದಲ್ಲಿ ದುಡಿಯುತ್ತಾರೆ, ಕೆಲವರು ಪಾಳಿಯ ಮೇಲೆ ಕಾರ್ಖಾನೆಗೆ ಹೋಗುತ್ತಾರೆ. ಇಂಥವರಿಗೆ ಫೋನ್ ಉಪಕಾರ ಮಾಡಿಲ್ಲವೆಂದು ಹೇಳುವವನು ಸುಳ್ಳುಗಾರನು. ರಾತ್ರಿ ಪಾಳಿಗೆ ಹೋದ ಮಗಳು ಕ್ಷೇಮವಾಗಿ ತಲಪಿದಳೆಂದು ತಾಯಿಗೆ ತಿಳಿಸುವದು ಅದೇ. ಕೂಲಿಯ ಹಣ ಬರುವದು ಅದರಲ್ಲಿಯೇ. ಹೆರಿಗೆಯ ನೋವು ಬಂದಾಗ ಆಂಬ್ಯುಲೆನ್ಸನ್ನು ಕರೆಯುವದು ಅದರಿಂದಲೇ. 2020 ಮತ್ತು 2021ರಲ್ಲಿ ಕೊರೋನ ರೋಗದ ನಿಮಿತ್ತ ಶಾಲೆಗಳೂ ದೇವಾಲಯಗಳೂ ಮುಚ್ಚಿದ್ದಾಗ ನಮ್ಮ ಮಕ್ಕಳು ಪಾಠ ಕೇಳಿದ್ದು ಅದರಲ್ಲಿ; ನಾವೂ ನೀವೂ ಕೂಡಿ ಪ್ರಾರ್ಥಿಸಿದ್ದು ಅದರಲ್ಲಿ. ಆ ಕಾಲದಲ್ಲಿ ಅದು ನಮಗೆ ಕಂಬದ ಮೇಲಿನ ಸರ್ಪದ ಹಾಗೆಯೇ ಇತ್ತು, ನೋಡಿದೆವು, ಬದುಕಿಕೊಂಡೆವು.

ಆದರೆ ರೋಗವು ಇಳಿದ ಮೇಲೆಯೂ ನಾವು ಕಣ್ಣನ್ನು ಕೆಳಗಿಳಿಸಲಿಲ್ಲ. ಹಳ್ಳಿಗಾಡಿನ ಮಕ್ಕಳ ವಿದ್ಯೆಯನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ ಅಸರ್ ಎಂಬ ಸಮೀಕ್ಷೆಯು ನಮ್ಮ ದೇಶದಲ್ಲಿ ಉಂಟು. ಅದರ 2024ರ ವರದಿಯ ಪ್ರಕಾರ, 14ರಿಂದ 16 ವರ್ಷದ ಹಳ್ಳಿಯ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅಂಥವರಲ್ಲಿ ಹಿಂದಿನ ಒಂದು ವಾರದೊಳಗೆ ಪಾಠಕ್ಕಾಗಿ ಅದನ್ನು ಬಳಸಿದವರು ನೂರಕ್ಕೆ 57 ಮಂದಿ. ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು 76 ಮಂದಿ. ಪಾಠಕ್ಕೆಂದು ಕೊಂಡ ಫೋನ್ ಪಾಠಕ್ಕಿಂತ ಹೆಚ್ಚಾಗಿ ಬೇರೆಯದಕ್ಕೆ ಉಪಯೋಗವಾಗುತ್ತಿದೆಯೆಂಬುದು ಇದರಿಂದ ತಿಳಿಯುತ್ತದೆ. ಇದು ಪಟ್ಟಣದವರ ತೊಂದರೆ, ನಮ್ಮದಲ್ಲವೆಂದು ಹೇಳುವ ಕಾಲವು ಮುಗಿಯಿತು.

ಈಗ ನಮ್ಮ ತಪ್ಪೊಂದನ್ನು ನಿಮ್ಮ ಮುಂದೆ ಅರಿಕೆಮಾಡಿಕೊಳ್ಳಬೇಕಾಗಿದೆ. ಆ ತಾಯಿಯ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತೇವೆ. ಊರನ್ನೂ ಹೆಸರನ್ನೂ ಹೇಳುವದಿಲ್ಲ. ಕಳೆದ ವರ್ಷ ಅವರೆಕಾಯಿಯ ಕಾಲದಲ್ಲಿ, ದೀಪ ಹಚ್ಚುವ ಹೊತ್ತಿಗೆ, ಗಂಡನನ್ನು ಕಳೆದುಕೊಂಡ ಸಹೋದರಿಯೊಬ್ಬಳು ನಮ್ಮ ಮನೆಗೆ ಬಂದು ಬಾಗಿಲ ಬಳಿ ನಿಂತಳು. ನಾವು ಫೋನಿನಲ್ಲಿ ಬಂದ ಸಂದೇಶಗಳನ್ನು ನೋಡುತ್ತಾ ಕುಳಿತಿದ್ದೆವು. “ಬಾಮ್ಮ, ಕೂತ್ಕೊ, ಏನು ಹೇಳು,” ಅಂದೆವು. ಬಾಯಿ ಹಾಗೆಂದಿತು, ಕಣ್ಣು ಮಾತ್ರ ಕೈಯಲ್ಲಿದ್ದದ್ದನ್ನು ಬಿಡಲಿಲ್ಲ. ಅವಳು ಮಗನ ವಿಷಯವೆಂದು ಒಂದೆರಡು ಮಾತನ್ನು ಎತ್ತಿದಳು. ಅಷ್ಟರಲ್ಲಿ ಟಿಣ್ ಎಂದಿತು. ನಾವು ಪುನಃ ಕೆಳಗೆ ನೋಡಿದೆವು. ಸ್ವಲ್ಪ ಹೊತ್ತು ನಿಂತು, “ಏನಿಲ್ಲ ಅಯ್ನೋರೆ, ಇನ್ನೊಂದ್ಸಲ ಬತ್ತೀನಿ,” ಎಂದು ಹೇಳಿ ಹೊರಟುಹೋದಳು. ಅವಳು ಗೇಟು ದಾಟಿದ ಮೇಲೆಯೇ ನಮಗೆ ಅವಳು ಹೋದಳೆಂದು ತಿಳಿದದ್ದು.

ಮೂರು ವಾರಗಳಾದ ಮೇಲೆ ನೆರೆಯವರಿಂದ ಸಂಗತಿಯನ್ನು ಕೇಳಿದೆವು. ಪಿಯುಸಿ ಓದುತ್ತಿದ್ದ ಆ ಹುಡುಗನು ರಾತ್ರಿಯೆಲ್ಲಾ ಫೋನಿನಲ್ಲಿ ಆಟವಾಡುತ್ತಾ, ಹಗಲು ಮುಸುಕೆಳೆದು ಮಲಗುತ್ತಾ, ಕಾಲೇಜನ್ನು ಬಿಟ್ಟುಬಿಟ್ಟಿದ್ದನು. ತಾಯಿ ಫೋನನ್ನು ಕಿತ್ತುಕೊಂಡ ದಿನ, ತಾನು ಇನ್ನು ಬದುಕಿ ಫಲವಿಲ್ಲವೆಂದು ಹೇಳಿ ಮನೆಯಿಂದ ಹೊರಟುಹೋಗಿದ್ದನು. ದೇವರ ಕೃಪೆಯಿಂದ ಅವನು ಕೆರೆಯ ಏರಿಯ ಮೇಲೆ ಸಿಕ್ಕಿದನು. ಆಮೇಲೆ ಬೆಂಗಳೂರಿನಲ್ಲಿ ವೈದ್ಯರಿಗೆ ತೋರಿಸಿದರು. ಈಗ ಅವನು ಮೆಲ್ಲಮೆಲ್ಲನೆ ಚೇತರಿಸಿಕೊಳ್ಳುತ್ತಾ ಇದ್ದಾನೆ. ನಾವು ಅವನ ಹತ್ತಿರ ಕುಳಿತು, ಆ ಆಟದಲ್ಲಿ ಅಂಥಾದ್ದು ಏನಿತ್ತಪ್ಪಾ ಎಂದು ಕೇಳಿದೆವು. ಅವನು ತಲೆ ಬಗ್ಗಿಸಿಕೊಂಡು ಹೀಗೆಂದನು: “ಅಪ್ಪ ಹೋದ್ಮೇಲೆ ಮನೇಲಿ ಯಾರೂ ಮಾತಾಡ್ತಿರ್ಲಿಲ್ಲ ಅಯ್ನೋರೆ. ಅದ್ರೊಳಗೆ ನನ್ನ ಹೆಸರಿಡಿದು ಕರೆಯೋರು ಇದ್ರು.”

ಪ್ರಿಯರೇ, ಆ ಮಾತು ನಮ್ಮ ಎದೆಯನ್ನು ಇನ್ನೂ ಇರಿಯುತ್ತದೆ. ಕುರಿಗಳನ್ನು ಹೆಸರೆತ್ತಿ ಕರೆಯುವ ಒಳ್ಳೆಯ ಕುರುಬನ ವಿಷಯವಾಗಿ ಎಷ್ಟೋ ಸಾರಿ ಪ್ರಸಂಗ ಮಾಡಿದ್ದೆವು. ಆದರೆ ಆ ಹುಡುಗನ ಹೆಸರನ್ನು ಹಿಡಿದು ಕರೆಯುವ ಕೆಲಸವನ್ನು ನಾವೆಲ್ಲರೂ ಕೂಡಿ ಒಂದು ಯಂತ್ರಕ್ಕೆ ಬಿಟ್ಟುಕೊಟ್ಟಿದ್ದೆವು.

ಹೀಗಿರಲಾಗಿ, ಈ ವಿಷಯವನ್ನು ಶೋಧಿಸಿದ ವಿದ್ವಾಂಸರು ಏನು ಹೇಳುತ್ತಾರೆಂದು ತಿಳಿಯುವದು ಒಳ್ಳೆಯದು. ಅವರೊಳಗೆ ಎರಡು ಅಭಿಪ್ರಾಯಗಳುಂಟು. ಅಮೆರಿಕ ದೇಶದ ಜೀನ್ ಟ್ವೆಂಗೆ ಎಂಬ ಮನಶ್ಶಾಸ್ತ್ರಜ್ಞೆಯು 2017ರಲ್ಲಿಯೂ, ಜೊನಾಥನ್ ಹೈಟ್ ಎಂಬ ಪಂಡಿತನು 2024ರಲ್ಲಿಯೂ ಗ್ರಂಥಗಳನ್ನು ಬರೆದು, ಸ್ಮಾರ್ಟ್‌ಫೋನ್ ಹರಡಿದಂದಿನಿಂದ ಎಳೆಯರ ಮನಸ್ಸು ಕುಗ್ಗುತ್ತಾ ಬಂದಿದೆಯೆಂದು ಎಚ್ಚರಿಸಿದರು. ಇದಕ್ಕೆ ಪ್ರತಿಯಾಗಿ ಆಕ್ಸ್‌ಫರ್ಡಿನ ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್ಕಿ ಎಂಬವರು ಮೂರೂವರೆ ಲಕ್ಷಕ್ಕೂ ಮಿಕ್ಕಿದ ಹರೆಯದವರ ಲೆಕ್ಕಗಳನ್ನು ಪರೀಕ್ಷಿಸಿ 2019ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಒಬ್ಬನ ಮನಸ್ಸಿನ ಕ್ಷೇಮಕ್ಕೂ ಇನ್ನೊಬ್ಬನ ಕ್ಷೇಮಕ್ಕೂ ಇರುವ ಅಂತರದಲ್ಲಿ ಪರದೆಯ ಬಳಕೆಯೊಂದಿಗೆ ಸಂಬಂಧವಿರುವ ಪಾಲು ಹೆಚ್ಚೆಂದರೆ ನೂರರಲ್ಲಿ ಅರ್ಧಕ್ಕೂ ಕಡಿಮೆಯೆಂದೂ, ಆಲೂಗಡ್ಡೆಯನ್ನು ಆಗಾಗ್ಗೆ ತಿನ್ನುವದರೊಂದಿಗೂ ಸುಮಾರು ಅಷ್ಟೇ ಸಂಬಂಧವು ಕಾಣುತ್ತದೆಂದೂ ಅವರು ತೋರಿಸಿದರು. ಫೋನ್ ಮನುಷ್ಯನನ್ನು ದುಃಖಿಯನ್ನಾಗಿ ಮಾಡುವದೋ, ದುಃಖದಲ್ಲಿರುವವನು ಫೋನಿನ ಬಳಿಗೆ ಓಡುವನೋ ಎಂಬುದನ್ನು ಬರೀ ಇಂಥ ಲೆಕ್ಕದಿಂದ ಹೇಳುವದಕ್ಕಾಗುವದಿಲ್ಲ. ನಮ್ಮ ಆ ಹುಡುಗನಲ್ಲಿ ದುಃಖವೇ ಮೊದಲು ಬಂದಿತ್ತು, ಫೋನ್ ಆಮೇಲೆ.

ಹಾಗಾದರೆ ಗಾಬರಿಪಡುವದಕ್ಕೆ ಕಾರಣವಿಲ್ಲವೋ? ಎಲ್ಲರನ್ನೂ ಕೂಡಿಸಿ ಹಂಚಿದ ಲೆಕ್ಕದಲ್ಲಿ ಹಾನಿ ಅಲ್ಪವಾಗಿ ಕಾಣುವದಾದರೂ, ಒಂದು ಮನೆಯಲ್ಲಿ ಅದು ಬೆಟ್ಟದಷ್ಟಾಗಿರಬಹುದು. ತೊಂಭತ್ತೊಂಭತ್ತು ಕುರಿಗಳು ಕ್ಷೇಮವೆಂಬ ಲೆಕ್ಕವು ನೂರನೆಯ ಕುರಿಯನ್ನು ಹುಡುಕುವವನಿಗೆ ಸಮಾಧಾನವನ್ನು ಕೊಡಲಿಲ್ಲವಲ್ಲಾ. ಅದಲ್ಲದೆ, ಬರೀ ಲೆಕ್ಕವಲ್ಲದೆ ಪರೀಕ್ಷೆಯನ್ನೇ ಮಾಡಿ ನೋಡಿದವರೂ ಉಂಟು. 2018ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ಇವುಗಳಲ್ಲಿ ಒಂದೊಂದನ್ನು ದಿನಕ್ಕೆ ಹತ್ತು ನಿಮಿಷ ಮಾತ್ರ ನೋಡಬೇಕೆಂದು ನೇಮಿಸಿದರು. ಮೂರು ವಾರಗಳಾದ ಮೇಲೆ ಆ ಗುಂಪಿನವರ ಒಂಟಿತನವೂ ಖಿನ್ನತೆಯೂ ಕಡಿಮೆಯಾಗಿದ್ದವು. ಅದೇ ವರ್ಷ ಇನ್ನು ಕೆಲವು ಅರ್ಥಶಾಸ್ತ್ರಜ್ಞರು ಜನರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ಕನ್ನು ಬಿಡಿಸಿದರು. ಬಿಟ್ಟವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು. ಮನೆಯವರೊಂದಿಗೂ ಸ್ನೇಹಿತರೊಂದಿಗೂ ಕಳೆಯುವ ಹೊತ್ತು ಹೆಚ್ಚಿತು. ಮನಸ್ಸಿನ ನೆಮ್ಮದಿಯೂ ಸ್ವಲ್ಪ ಹೆಚ್ಚಿತು. ಲೋಕದ ಸುದ್ದಿ ತಿಳಿಯುವದು ಮಾತ್ರ ಕಡಿಮೆಯಾಯಿತು. ಇಲ್ಲಿ ಲಾಭವು ಅದ್ಭುತವೇನೂ ಅಲ್ಲ. ಆದರೂ ನಿಜವಾದ ಲಾಭವೇ.

ನಿದ್ರೆಯ ವಿಷಯದಲ್ಲಿ ಸಾಕ್ಷ್ಯವು ಇನ್ನೂ ಸ್ಪಷ್ಟವಾಗಿದೆ. 2016ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಇಪ್ಪತ್ತು ಅಧ್ಯಯನಗಳನ್ನು ಕೂಡಿಸಿ 1,25,000ಕ್ಕೂ ಹೆಚ್ಚು ಮಕ್ಕಳ ಸಂಗತಿಯನ್ನು ಪರಿಶೀಲಿಸಿದರು. ಮಲಗುವ ಹೊತ್ತಿನಲ್ಲಿ ಇಂಥ ಯಂತ್ರಗಳನ್ನು ಬಳಸುವ ಮಕ್ಕಳಿಗೆ ನಿದ್ರೆ ಸಾಲದಿರುವ ಸಂಭವವು ಹೆಚ್ಚೆಂದು ಕಂಡಿತು. ಅದಕ್ಕಿಂತ ಆಶ್ಚರ್ಯವೇನಂದರೆ, ಬಳಸದೆ ಸುಮ್ಮನೆ ಹಾಸಿಗೆಯ ಹತ್ತಿರ ಇಟ್ಟುಕೊಂಡವರಲ್ಲಿಯೂ ನಿದ್ರೆ ಕೆಟ್ಟಿತ್ತು. ತನ್ನ ಪ್ರಿಯರಿಗೆ ನಿದ್ರೆಯನ್ನು ದಾನವಾಗಿ ಕೊಡುವ ದೇವರ ವಿಷಯವಾಗಿ ಕೀರ್ತನೆಗಾರನು ಹಾಡಿದ್ದಾನೆ. ದಾನವು ಬರುವ ಬಾಗಿಲಲ್ಲಿಯೇ ನಾವು ಕಳ್ಳನನ್ನು ಕೂರಿಸಿದರೆ ಹೇಗೆ?

ಇನ್ನು, ಈ ವಸ್ತುವು ಒಡೆಯನಾಗುವದು ಯಾವ ದಾರಿಯಿಂದ ಎಂಬುದನ್ನು ವಿಚಾರಿಸೋಣ. ಮೊದಲು ಕಾಗದದ ಪತ್ರಿಕೆಯನ್ನು ಓದುವವನಿಗೆ ಪುಟದ ಕೊನೆ ಸಿಕ್ಕುತ್ತಿತ್ತು. ಕೊನೆ ಸಿಕ್ಕಿದಾಗ ಅವನು ತಲೆಯೆತ್ತಿ ಹೊತ್ತೆಷ್ಟಾಯಿತೆಂದು ನೋಡುತ್ತಿದ್ದನು. 2006ರಲ್ಲಿ ಆಜಾ ರಾಸ್ಕಿನ್ ಎಂಬವನು ಬೆರಳಿನಿಂದ ತಳ್ಳಿದಷ್ಟೂ ಹೊಸದು ಬರುತ್ತಲೇ ಇರುವ, ತಳವಿಲ್ಲದ ಪುಟವನ್ನು ರೂಪಿಸಿದನು. ಆಮೇಲೆ ಅದರಿಂದಾದ ಹಾನಿಯನ್ನು ಕಂಡು ಅವನೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟನು. ತಳವಿಲ್ಲದ ಬಾವಿಗೆ ಎಷ್ಟು ಹಗ್ಗ ಬಿಟ್ಟರೂ ಸಾಲದು. ಎರಡನೆಯ ಉಪಾಯವನ್ನು ಕೆರೆಯಲ್ಲಿ ಗಾಳ ಹಾಕುವವನನ್ನು ನೋಡಿ ತಿಳಿಯಬಹುದು. ಮೀನು ಒಂದೂ ಕಚ್ಚದಿದ್ದರೆ ಅವನು ಎದ್ದು ಹೋಗುವನು. ಹಾಕಿದಾಗಲೆಲ್ಲಾ ಕಚ್ಚಿದರೆ ಬುಟ್ಟಿ ತುಂಬಿಸಿಕೊಂಡು ಹೋಗುವನು. ಯಾವಾಗಲೋ ಒಮ್ಮೆ ಕಚ್ಚುವದರಿಂದಲೇ ಅವನು ಕತ್ತಲಾಗುವ ತನಕ ಕುಳಿತಿರುವನು. ಸ್ಕಿನ್ನರ್ ಎಂಬ ಪಂಡಿತನು ಪಾರಿವಾಳಗಳಲ್ಲಿಯೂ ಇದನ್ನೇ ಕಂಡನು: ಕಾಳು ಯಾವಾಗ ಬೀಳುವದೆಂದು ತಿಳಿಯದ ಹಕ್ಕಿಯೇ ಬಿಡದೆ ಕುಕ್ಕುತ್ತಿತ್ತು. ಹತ್ತು ರೀಲ್ಸುಗಳಲ್ಲಿ ಒಂದು ನಗಿಸುತ್ತದೆ. ಮುಂದಿನದು ಅದಾಗಿರಬಹುದೆಂದು ನಾವು ಕುಕ್ಕುತ್ತಲೇ ಇರುತ್ತೇವೆ. ಆದದರಿಂದ ಫೋನ್ ಬಿಡಲಾರದ ಮಗುವನ್ನು ಮೊಂಡನೆಂದು ಬಯ್ಯುವ ಮೊದಲು, ಆ ಗಾಳವನ್ನು ಹೆಣೆದವರು ಎಷ್ಟು ಜಾಣರೆಂಬುದನ್ನು ನೆನೆಯತಕ್ಕದ್ದು.

ಹಾಗಾದರೆ ಎಷ್ಟು ಹೊತ್ತು ನೋಡಿದರೆ ತಪ್ಪು ಎಂದು ನೀವು ಕೇಳುವಿರಿ. ಕೂಸುಗಳ ವಿಷಯದಲ್ಲಿ ಉತ್ತರವುಂಟು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿದ ಪ್ರಕಾರ ವರ್ಷ ತುಂಬದ ಕೂಸಿಗೆ ಪರದೆಯು ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು. ರಾಗಿ ಸರಿಯನ್ನು ಉಣ್ಣಿಸುವಾಗ ಮಗುವಿನ ಮುಂದೆ ಯೂಟ್ಯೂಬ್ ಇಡುವ ತಾಯಂದಿರು ಇದನ್ನು ಮನಸ್ಸಿನಲ್ಲಿ ಇಡಲಿ. ದೊಡ್ಡವರಿಗಾದರೋ ಗಂಟೆಯ ಲೆಕ್ಕವು ಸಾಲದು. ನಾವು ಎಷ್ಟು ಹೊತ್ತು ನೋಡುತ್ತೇವೆಂದು ಹೇಳುವದಕ್ಕೂ ಯಂತ್ರವು ತಾನೇ ಬರೆದಿಟ್ಟ ಲೆಕ್ಕಕ್ಕೂ ಸರಿಯಾಗಿ ತಾಳೆಯಾಗುವದಿಲ್ಲವೆಂದು 2021ರಲ್ಲಿ ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದವರು ತಿಳಿಸಿದ್ದಾರೆ. ತನ್ನನ್ನು ಪರೀಕ್ಷಿಸಿ ತನ್ನ ಹೃದಯವನ್ನು ತಿಳುಕೊಳ್ಳೆಂದು ದಾವೀದನು ದೇವರನ್ನು ಬೇಡಿದ್ದು ಇದಕ್ಕಾಗಿಯೇ. ನಮ್ಮ ವಿಷಯದಲ್ಲಿ ನಾವು ಕೊಡುವ ಸಾಕ್ಷಿಯು ನಂಬತಕ್ಕದ್ದಲ್ಲ.

ಅದೇ ಸಂಸ್ಥೆಯು 2022ನೇ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ವೀಡಿಯೋ ಆಟದ ಗೀಳನ್ನು ಒಂದು ಕಾಯಿಲೆಯೆಂದು ಸೇರಿಸಿದೆ. ಫೋನ್ ನೋಡುವದನ್ನೇ ರೋಗವೆಂದು ಅದು ಹೇಳಿಲ್ಲ. ಆಟದ ಗೀಳಿಗೆ ವೈದ್ಯರು ಮೂರು ಗುರುತುಗಳನ್ನು ಕೊಡುತ್ತಾರೆ. ಅವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಾಣಬೇಕು. ಆ ಗುರುತುಗಳು ಯಾವ ವಿಗ್ರಹಕ್ಕಾದರೂ ಒಪ್ಪುವದನ್ನು ನೋಡಿರಿ.

ಮೊದಲನೆಯದು, ಹಿಡಿತ ತಪ್ಪುವದು. ಇನ್ನು ಐದೇ ನಿಮಿಷವೆಂದು ಕುಳಿತವನು ಏಳಲಾರನು. ಎಲ್ಲವೂ ತನಗೆ ಸಲ್ಲುವದಾದರೂ ತಾನು ಯಾವದರ ಕೈಕೆಳಗೂ ಸಿಕ್ಕಿಬೀಳುವದಿಲ್ಲವೆಂದು ಪೌಲನು ಕೊರಿಂಥದವರಿಗೆ ಬರೆದನು. ನಮ್ಮನ್ನು ನಾವೇ ಕೇಳಿಕೊಳ್ಳತಕ್ಕ ಪ್ರಶ್ನೆಯು, ಇದು ಸಲ್ಲುವದೋ ಎಂಬುದಲ್ಲ. ನಾವು ಬಿಡು ಅಂದಾಗ ಇದು ಬಿಡುವದೋ ಎಂಬುದೇ.

ಎರಡನೆಯದು, ಮೊದಲನೆಯ ಸ್ಥಾನವನ್ನು ಕೊಡುವದು. ಊಟ, ನಿದ್ರೆ, ಓದು, ಮಾತುಕತೆ ಎಲ್ಲವೂ ಹಿಂದಾಗಿ ಅದೊಂದೇ ಮುಂದಾಗುವದು. ಬೆಳಿಗ್ಗೆ ಕಣ್ಣು ತೆರೆದ ಕೂಡಲೆ ನಮ್ಮ ಕೈ ಯಾವದನ್ನು ತಡಕುವದೋ ಅದೇ ನಮ್ಮ ಬೆಳಗಿನ ಪ್ರಾರ್ಥನೆ.

ಮೂರನೆಯದು, ಹಾನಿಯನ್ನು ಕಂಡರೂ ಬಿಡದಿರುವದು. ಪರೀಕ್ಷೆಯಲ್ಲಿ ಸೋತರೂ, ಹಣ ಕಳೆದರೂ, ತಾಯಿ ಅತ್ತರೂ ಬಿಡದಿರುವದು. ಹಣವನ್ನು ಪಣಕ್ಕಿಡುವ ಫೋನಿನ ಆಟಗಳನ್ನು ನಮ್ಮ ದೇಶದ ಸರಕಾರವು 2025ನೇ ಆಗಸ್ಟಿನಲ್ಲಿ ಕಾನೂನು ಮಾಡಿ ನಿಷೇಧಿಸಿತು. ಕಾನೂನು ಅಂಗಡಿಯನ್ನು ಮುಚ್ಚಬಲ್ಲದು. ಹಸಿದ ಮನಸ್ಸನ್ನು ಅದು ತುಂಬಲಾರದು.

ಈ ಮೂರು ಗುರುತುಗಳು ನಿಮ್ಮ ಮನೆಯಲ್ಲಿ ಯಾರಲ್ಲಿಯಾದರೂ ಕಂಡರೆ, ದಯವಿಟ್ಟು ಅವನಿಗೆ ವಿಶ್ವಾಸ ಸಾಲದೆಂದು ಹೇಳಿ ಗಾಯದ ಮೇಲೆ ಉಪ್ಪು ಸುರಿಯಬೇಡಿರಿ. ಕಾಲು ಮುರಿದವನನ್ನು ಹೊತ್ತುಕೊಂಡು ಹೋಗುವ ಹಾಗೆಯೇ ಇವನನ್ನೂ ವೈದ್ಯರ ಬಳಿಗೆ ಕರಕೊಂಡು ಹೋಗಿರಿ; ಪ್ರಾರ್ಥನೆಯೂ ಔಷಧವೂ ಒಂದಕ್ಕೊಂದು ಹಗೆಯಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ಈ ತೊಂದರೆಗಾಗಿಯೇ 2014ರಲ್ಲಿ ಶಟ್ ಎಂಬ ಚಿಕಿತ್ಸಾಲಯವನ್ನು ತೆರೆದರು. ನಮ್ಮ ದೇಶದಲ್ಲಿ ಈ ಬಗೆಯದರಲ್ಲಿ ಅದೇ ಮೊದಲನೆಯದು. ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆಯೆಂಬುದೇ ಆ ಹೆಸರಿನ ವಿವರ. ಯಂತ್ರವನ್ನು ಒಡೆಯಿರೆಂದು ಅವರು ಹೇಳುವದಿಲ್ಲ, ಅದನ್ನು ಅದರ ಸ್ಥಾನದಲ್ಲಿ ಇಡುವದಕ್ಕೆ ಕಲಿಸುತ್ತಾರೆ. ಮನಸ್ಸು ಕುಗ್ಗಿದವರೂ ಅವರ ಮನೆಯವರೂ 2022ನೇ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ, ಹಗಲಾಗಲಿ ರಾತ್ರಿಯಾಗಲಿ, ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ಸಾಯುವ ಮಾತನ್ನು ಆಡುವ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ಆ ಮಾತನ್ನು ಹುಡುಗಾಟವೆಂದು ಎಣಿಸಬೇಡಿರಿ. ಇಲ್ಲಿಯೂ ಫೋನ್ ಉಪಕಾರಿಯೇ ಆಗಿರುವದನ್ನು ನೋಡಿರಿ. ಬದುಕುವದಕ್ಕಾಗಿ ನೋಡುವದು ಅಂದರೆ ಇದೇ.

ಕಡೆಯದಾಗಿ, ನಾವು ಮಾಡತಕ್ಕದ್ದೇನು? ಹಿಜ್ಕೀಯನು ಸರ್ಪವನ್ನು ಒಡೆದನು, ಯಾಕಂದರೆ ಅದರಿಂದ ಆಗತಕ್ಕ ಉಪಕಾರವು ಎಂದೋ ಮುಗಿದಿತ್ತು. ಫೋನಿನ ಉಪಕಾರವು ಮುಗಿದಿಲ್ಲ, ಒಡೆಯುವ ಅಗತ್ಯವಿಲ್ಲ. ಆದರೆ ಧೂಪವನ್ನು ಮಾತ್ರ ನಿಲ್ಲಿಸಬೇಕು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ವಡಗಾಂವ ಎಂಬ ಹಳ್ಳಿಯವರು 2022ನೇ ಆಗಸ್ಟ್ 15ರಿಂದ ಸಂಜೆ ಏಳು ಗಂಟೆಗೆ ಸೈರನ್ ಕೂಗಿಸಿ, ಒಂದೂವರೆ ಗಂಟೆಯ ಕಾಲ ಊರಿನವರೆಲ್ಲರೂ ಫೋನನ್ನೂ ಟಿವಿಯನ್ನೂ ಬಂದುಮಾಡುವ ಏರ್ಪಾಡನ್ನು ಆರಂಭಿಸಿದರು. ನಮ್ಮ ರಾಜ್ಯದಲ್ಲಿಯೂ ಬೆಳಗಾವಿಯ ಹತ್ತಿರದ ಹಲಗಾ ಗ್ರಾಮದವರು 2024ನೇ ಡಿಸೆಂಬರಿನಲ್ಲಿ ಸಂಜೆ ಏಳರಿಂದ ಒಂಭತ್ತರ ವರೆಗೆ ಇಂಥದೇ ಕ್ರಮವನ್ನು ತಂದರು. ಇದರಲ್ಲಿ ಒಂದು ಜ್ಞಾನವುಂಟು. ಒಬ್ಬನೇ ಫೋನ್ ಕೆಳಗಿಟ್ಟರೆ ಅವನು ಮಾತಾಡುವದು ಯಾರ ಸಂಗಡ? ಎಲ್ಲರೂ ಕೂಡಿ ಇಟ್ಟರೆ ಮಾತು ತಾನಾಗಿಯೇ ಹುಟ್ಟುವದು.

ಊರಿಗೆ ಸೈರನ್ ಇಲ್ಲದಿದ್ದರೆ ಏನು, ನಮ್ಮ ದೇವಾಲಯಕ್ಕೆ ಗಂಟೆಯುಂಟು. ಆದದರಿಂದ ಸಭೆಯ ಹಿರಿಯರೊಂದಿಗೆ ಆಲೋಚಿಸಿ ನಾವು ಹೀಗೆ ಕೇಳಿಕೊಳ್ಳುತ್ತೇವೆ. ಈ ಪತ್ರಿಕೆ ನಿಮ್ಮ ಕೈ ಸೇರಿದ ನಂತರದ ಭಾನುವಾರ ಮೊದಲುಗೊಂಡು ಮೂರು ವಾರ, ಪ್ರತಿದಿನ ಸಂಜೆ ಏಳು ಗಂಟೆಗೆ ಗಂಟೆ ಬಾರಿಸುವೆವು. ಅದು ಕೇಳಿದ ಕೂಡಲೆ ಪ್ರತಿ ಮನೆಯಲ್ಲಿಯೂ ಒಂದು ಬುಟ್ಟಿಯನ್ನು ಇಟ್ಟು, ಮೊದಲು ಮನೆಯ ಯಜಮಾನನು, ಆಮೇಲೆ ಯಜಮಾನಿಯು, ಕಡೆಗೆ ಮಕ್ಕಳು ತಮ್ಮ ಫೋನುಗಳನ್ನು ಅದರಲ್ಲಿ ಹಾಕಲಿ. ಪಾಳಿಗೆ ಹೋದವರ ಕರೆ ಬರಬೇಕಾದಲ್ಲಿ ಒಂದು ಫೋನಿನ ಗಂಟೆ ಮಾತ್ರ ಕೇಳುವ ಹಾಗೆ ಇಡಿರಿ. ಒಂಭತ್ತರ ತನಕ ಮಕ್ಕಳು ಓದಲಿ, ಎಲ್ಲರೂ ಕೂಡಿ ಉಣ್ಣಲಿ, ಒಂದು ಅಧ್ಯಾಯವನ್ನು ಓದಿ ಪ್ರಾರ್ಥಿಸಲಿ. ಮಲಗುವಾಗ ಫೋನನ್ನು ಚಾಪೆಯ ಬಳಿ ಇಡದೆ ಅಡಿಗೆಮನೆಯಲ್ಲಿ ಚಾರ್ಜಿಗೆ ಹಾಕಿರಿ. ತಂದೆಯು ಹಾಕದೆ ಮಗನಿಗೆ ಮಾತ್ರ ಹಾಕೆಂದು ಗದರಿಸುವ ಮನೆಯಲ್ಲಿ ಇದು ಒಂದು ದಿನವೂ ನಿಲ್ಲದು. ಕಿತ್ತುಕೊಳ್ಳುವದು ಬೇಡ, ಮೊದಲು ನಾವು ಇಟ್ಟು ತೋರಿಸೋಣ. ಎಲ್ಲರಿಗಿಂತ ಮುಂಚೆ ನಮ್ಮ ಫೋನ್ ಬುಟ್ಟಿಗೆ ಬೀಳುವದು. ಆ ಎರಡು ತಾಸಿನೊಳಗೆ ನಮ್ಮ ಬಾಗಿಲಿಗೆ ಬಂದವರಿಗೆ ನಮ್ಮ ಎರಡು ಕಣ್ಣುಗಳೂ ಸಿಕ್ಕುವವು.

ಸಮುವೇಲನೆಂಬ ಬಾಲಕನು ರಾತ್ರಿಯಲ್ಲಿ ತನ್ನ ಹೆಸರನ್ನು ಯಾರೋ ಕರೆದದ್ದನ್ನು ಕೇಳಿ ಮೂರು ಸಾರಿ ಏಲಿಯ ಹಾಸಿಗೆಯ ಬಳಿಗೆ ಓಡಿಬಂದನು. ಏಲಿಯು ಕಣ್ಣು ಮಂಜಾಗಿದ್ದ ಮುದುಕನು. ಅವನಲ್ಲಿ ತಪ್ಪುಗಳು ಬಹಳ ಇದ್ದವು. ಆದರೂ ಮೂರು ಸಾರಿಯೂ ಅವನು ಎಚ್ಚತ್ತು ಮಗುವಿನ ಮಾತನ್ನು ಕೇಳಿದನು. ಕಡೆಗೆ, ಕರೆಯುವವನು ಯಾರೆಂದು ತಿಳಿಸಿಕೊಟ್ಟನು. ನಮ್ಮ ಮಕ್ಕಳನ್ನೂ ಈಗ ಅನೇಕ ಧ್ವನಿಗಳು ಹೆಸರು ಹಿಡಿದು ಕರೆಯುತ್ತವೆ. ಯಾವ ಧ್ವನಿಯು ಯಾರದೆಂದು ಕೇಳುವದಕ್ಕೆ ಅವರು ಎದ್ದು ಬಂದಾಗ, ದೊಡ್ಡವರಾದ ನಾವು ಪರದೆಯ ಬೆಳಕಿನಲ್ಲಿ ಮುಖವಿಟ್ಟು, ಇರು ಆಮೇಲೆ ಅನ್ನದಿರೋಣ.

ಪ್ರಾರ್ಥಿಸೋಣ. ಕರ್ತನೇ, ನೀನು ಉಪಕಾರಕ್ಕಾಗಿ ಕೊಟ್ಟದ್ದನ್ನು ನಾವು ಒಡೆಯನನ್ನಾಗಿ ಮಾಡಿಕೊಂಡೆವು; ಕ್ಷಮಿಸು. ನಮ್ಮ ಬಾಗಿಲಲ್ಲಿ ನಿಂತು ಮಾತಾಡದೆ ತಿರುಗಿ ಹೋದವರನ್ನು ಪುನಃ ನಮ್ಮ ಬಳಿಗೆ ಕಳುಹಿಸು. ನಮ್ಮ ಮಕ್ಕಳಿಗೆ ನಿದ್ರೆಯನ್ನೂ, ಕುಗ್ಗಿದವರಿಗೆ ವೈದ್ಯನನ್ನೂ, ನಮ್ಮ ಮನೆಗಳಿಗೆ ಮಾತನ್ನೂ ದಯಪಾಲಿಸು. ಕೈ ಖಾಲಿಯಾದ ಹೊತ್ತಿನಲ್ಲಿ ನಿನ್ನ ಮೆಲ್ಲನೆಯ ಸ್ವರವನ್ನು ಕೇಳುವ ಕಿವಿಯನ್ನು ಕೊಡು. ಆಮೆನ್.